ಹೊನ್ನೆ ಮರದ ಬಾಡಿ

ಹುಣಸೂರು
೧೧-೨-೧೯೬೯

ಯಜಮಾನರ ಪಾದಗಳಿಗೆ ಭದ್ರಮ್ಮ ಮಾಡುವ ನಮಸ್ಕಾರ.

ಕಾಲಿನ ನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಅನ್ನ ಸೇರುವುದಿಲ್ಲವೆಂದು ತಟ್ಟೆ ತಳ್ಳಬೇಡಿ. ನಿಮ್ಮ ತಮ್ಮ ಸಿದ್ದಮಲ್ಲಪ್ಪನ ಕೈಯಲ್ಲಿ ಕಳಿಸಿದ ಹುರುಳಿ ಚಟ್ನಿಪುಡಿಯನ್ನು ನೀವು ತಿಂದಿರೋ, ಪಕ್ಕದ ಮಂಚದವರಿಗೆ ಹಂಚಿದಿರೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಬೆಂಗಳೂರು ಹತ್ತಿರವಿದ್ದಿದ್ದರೆ ನಾನೇ ಎದುರು ಕೂತು ತಿನ್ನಿಸುತ್ತಿದ್ದೆ. ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ. ಅತ್ತೆಯವರ ಕೆಮ್ಮು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ನಿಮ್ಮ ಕಾಗದ ಕೈಸೇರಿತು. ಯುಗಾದಿ ಕಳೆದ ಮೇಲೆ ಎಚ್.ಡಿ. ಕೋಟೆಯಿಂದ ಹೊಗೆಸೊಪ್ಪಿನ ಮೊದಲ ಲೋಡು ನಾನೇ ಓಡಿಸಿಕೊಂಡು ತರುತ್ತೇನೆ ಎಂದು ಬರೆದಿದ್ದೀರಿ. ಅತ್ತೆಯವರು ಆ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡು, "ನನ್ ಮಗ ಬತ್ತನೆ ಕಣವ್ವ, ನೋಡ್ತಿರು" ಎಂದು ಬೀದಿಗೆಲ್ಲ ಹೇಳಿ ಬಂದರು. ನಾನು ಎದ್ದು ಒಲೆಗೆ ಸೌದೆ ಒಟ್ಟಿದೆ.

ಲಾರಿಯ ವಿಷಯ ಕೇಳಿದ್ದೀರಿ. ಸರಗೂರು ದಾರಿಯಲ್ಲಿ ನಿಮ್ಮ ಸಮೇತ ಮಗುಚಿದಾಗ ನಮ್ಮ ಹಳೆಯ ಫಾರ್ಗೋ ಲಾರಿಯ ಕೆಳಗಿನ ಚಾಸಿ ಬಾಗಿ ಹೋಯಿತೇ ಹೊರತು ಮೇಲಿನ ಕ್ಯಾಬಿನ್ನು, ಬಾಡಿ ಎರಡೂ ಗಟ್ಟಿಯಾಗಿಯೇ ಉಳಿದವಲ್ಲ. ಮಾವನವರು ಹೊಲದ ಬದುವಿನ ಹೊನ್ನೆ ಕಡಿಸಿ ಕಟ್ಟಿಸಿದ್ದು ಎಂದು ಅತ್ತೆಯವರದು ಒಂದೇ ಹಟ: "ಕೆಳಗ್ಲುದು ಏನಾರ ಹಾಕಳಿ, ಮ್ಯಾಗ್ಲುದು ಅದೇ ಇರ್ಬೇಕು." ಹೊಸ ಡೀಸೆಲ್ ಚಾಸಿ ಬಂದಾಗ ಬರೀ ಇಂಜಿನ್ನು, ಚಕ್ರ. ಓಡಿಸಿಕೊಂಡು ಬಂದವನು ಖಾಲಿ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಟವೆಲ್ ಬಿಗಿದು, ಮೈಯೆಲ್ಲ ಧೂಳಾಗಿದ್ದ. ಮೈಮೇಲೆ ಬಟ್ಟೆಯಿಲ್ಲದ ಕೂಸಿನ ಹಾಗಿದೆ ಎಂದು ನಾನೂ ನಕ್ಕುಬಿಟ್ಟೆ. ಈ ಮನೆಯಲ್ಲಿ ನಕ್ಕು ಬಹಳ ದಿನವಾಗಿತ್ತು.

ಹಿಂದೆ ಆ ಬಾಡಿ ಕಟ್ಟಿದ್ದ ಗಫಾರ್ ಸಾಬರನ್ನೇ ಕರೆಸಿದೆವು. ಅವರು ಗಜಕಡ್ಡಿ ಹಿಡಿದು ಸುತ್ತಿ ಸುತ್ತಿ ಅಳೆದರು. ಹೊಸ ಚಾಸಿ ಹಳೆಯದಕ್ಕಿಂತ ಉದ್ದ, ಅಗಲವೂ ಬೇರೆ. ಹಳೆಯ ಬೋಲ್ಟಿನ ತೂತು ಒಂದೂ ಕೂಡುವುದಿಲ್ಲ. ಇಂಜಿನ್ನು ದೊಡ್ಡದಾದ್ದರಿಂದ ಕ್ಯಾಬಿನ್ನಿನ ಮುಂಭಾಗವನ್ನೇ ಕುಯ್ಯಬೇಕು. "ನಾ ಕಟ್ಟಿದ್ನ ನಾನೇ ಕುಯ್ಯೋದಾ ತಾಯಿ" ಎಂದು ಅವರು ಗರಗಸ ಕೆಳಗಿಟ್ಟು ಬೀಡಿ ಹಚ್ಚಿದರು. ಕೊನೆಗೆ ಕುಯ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅತ್ತೆಯವರು ಮರದ ಹೊಟ್ಟನ್ನೆಲ್ಲ ಬಳಿದು ಸೆರಗಿಗೆ ಹಾಕಿಕೊಂಡು ಒಳಗೆ ಹೋದರು. ನನಗೆ ಅಳು ಬಂತು.

ಈಗ ಬಾಡಿಯನ್ನು ಮೇಲೆ ಕೂರಿಸಿದ್ದೇವೆ, ಆದರೆ ಅದು ಕೂತಿಲ್ಲ. ಹಿಂದೆ ಚಾಸಿ ಮೊಳದಷ್ಟು ಹೊರಗೆ ಚಾಚಿದೆ. ಸಿದ್ದಮಲ್ಲಪ್ಪ ಲಾರಿ ಓಡಿಸಿಕೊಂಡು ಬಿಳಿಕೆರೆಗೆ ಹೋಗಿ ಬರುವಷ್ಟರಲ್ಲಿ ಎಡಗಡೆ ಬೋಲ್ಟು ಸಡಿಲವಾಗಿ, ಹಲಗೆ ಕಿರುಗುಟ್ಟುವುದು ಮನೆಯೊಳಕ್ಕೇ ಕೇಳಿಸಿತು. ಬಿಗಿದಷ್ಟೂ ಇನ್ನೊಂದು ಕಡೆ ಬಿಡುತ್ತದೆ. "ವಸಾ ಮರ ತಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ" ಎಂದು ಸಾಬರು ಮೆಲ್ಲಗೆ ನನಗೊಬ್ಬಳಿಗೇ ಹೇಳಿದರು. ಹೊಗೆಸೊಪ್ಪಿನ ಬೇಲು ಹೇರಿದರೆ ತಡೆಯುತ್ತದೋ ಇಲ್ಲವೋ ತಿಳಿಯದು. ನನಗಂತೂ ನಂಬಿಕೆಯಿಲ್ಲ.

ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಮಕ್ಕಳು ನಮಸ್ಕಾರ ಹೇಳಿದ್ದಾರೆ.

ನಿಮ್ಮ ಮನೆಯವಳು,
ಭದ್ರಮ್ಮ

ವಿ.ಸೂ.: ಇದನ್ನು ಬರೆಯದೆ ಕವರು ಅಂಟಿಸಲಾರೆ. ಅತ್ತೆಯವರ ಆಶೀರ್ವಾದ ಅಂದದ್ದು ನಾನೇ ಸೇರಿಸಿದ್ದು, ಅವರು ನನ್ನೊಡನೆ ಮಾತಾಡುತ್ತಿಲ್ಲ. ಹೊಸ ಚಾಸಿಯ ಕ್ಲಚ್ಚು, ಬ್ರೇಕು ಬೇರೆ ಜಾಗದಲ್ಲಿರುವುದರಿಂದ ಡ್ರೈವರ್ ಸೀಟನ್ನು ಕಾಲಳತೆ ನೋಡಿ ಬಿಗಿಯಬೇಕಾಯಿತು. "ಯಾರ್ ಅಳ್ತೆಗೆ ಹಾಕ್ಲಿ?" ಎಂದು ಸಾಬರು ಕೇಳಿದರು. ಅತ್ತೆಯವರು ನಿಮ್ಮ ಹೆಸರು ಹೇಳಿದರು. ನಿಮ್ಮ ತಮ್ಮ ತಲೆ ತಗ್ಗಿಸಿದ. ನಿಮ್ಮ ಎಡಮೊಣಕಾಲು ಇನ್ನು ಮಡಿಚುವುದಿಲ್ಲ, ಲಾರಿ ಓಡಿಸುವ ಆಸೆ ಬಿಡಬೇಕು ಎಂದು ಡಾಕ್ಟರು ದೀಪಾವಳಿಯಲ್ಲೇ ನನಗೂ ಅವನಿಗೂ ಹೇಳಿದ್ದರು. ನಿಮಗೆ ಹೇಳುವ ಧೈರ್ಯ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಸಿದ್ದಮಲ್ಲಪ್ಪನ ತೋಳು ಹಿಡಿದು ಆ ಸೀಟಿಗೆ ಹತ್ತಿಸಿದವಳು ನಾನೇ. ಅವನ ಅಳತೆಗೇ ಬಿಗಿದಿದ್ದಾರೆ. ಅತ್ತೆ ಮಾತು ಬಿಟ್ಟರು. ನೀವೂ ಬಿಡಬೇಡಿ.