ನನ್ನದೇ ಲೈಬ್ರರಿ ಕಾರ್ಡು

ಗುಬ್ಬಿ,

ಲೈಬ್ರರಿಯಿಂದ ಫೋನ್ ಬಂದಿತ್ತು. ನನ್ನ ಕಾರ್ಡ್ ರೆಡಿಯಂತೆ ಕಣೇ, ನಂಬರ್ ನಾನೂರ ಹನ್ನೆರಡು! ಕಾಲು ನೆಲದ ಮೇಲೆ ನಿಲ್ತಿಲ್ಲ, ಹೊರಟೆ.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನು. ಒದ್ದೆ ಟವೆಲ್ ಮತ್ತೆ ಮಂಚದ ಮೇಲೇ ಬಿಸಾಕಿ ಹೋಗಿದ್ದೀಯ. ಇವತ್ತು ಖುಷಿಯಲ್ಲಿದ್ದೀನಿ, ನೀನು ಬಚಾವಾದೆ.

ಹತ್ತು ವರ್ಷ ನಿನ್ನ ಕಾರ್ಡಲ್ಲೇ ಪುಸ್ತಕ ತಂದೆ. ಮಕ್ಕಳ ಕಾರ್ಡಿಗೆ ಮಕ್ಕಳ ಪುಸ್ತಕ ಮಾತ್ರ ಕೊಡ್ತಾರೆ. ನಿನಗೆ ಓದಿ ಹೇಳ್ತಾ ಹೇಳ್ತಾ ಆ ಕಪಾಟೆಲ್ಲ ಮುಗಿಸಿದೆ. ನೀನು ಬೆಳೆದು ದೊಡ್ಡವಳಾದೆ, ನಾನು ಮಾತ್ರ ಕರಡಿ, ಮೊಲದ ಹತ್ತಿರವೇ ಉಳಿದೆ. ನನಗೂ ಒಂದು ಕಾರ್ಡ್ ಬೇಕು ಅಂತ ಹೊಳೀಲೇ ಇಲ್ಲ ನೋಡು.

ಮೊನ್ನೆ ಫಾರಂ ತುಂಬುವಾಗ ಹೆಸರಿನ ಜಾಗದಲ್ಲಿ 'ಗುಬ್ಬಿಯ ಅಮ್ಮ' ಅಂತ ಬರೆದುಬಿಟ್ಟೆ! ಲೈಬ್ರರಿ ಮೇಡಂ ಬಿದ್ದು ಬಿದ್ದು ನಕ್ಕರು. "ಅದನ್ನ ಹೊಡೆದುಹಾಕಿ, ನಿಮ್ಮ ಹೆಸರು ಬರೀರಿ" ಅಂದರು. ಹೊಡೆದುಹಾಕೋಕೆ ಮನಸ್ಸು ಬರಲಿಲ್ಲ. ಅದರ ಪಕ್ಕದಲ್ಲೇ ನನ್ನ ಹೆಸರನ್ನೂ ಬರೆದೆ.

ಸಂಜೆ ತಡವಾದರೆ ಗಾಬರಿಯಾಗಬೇಡ, ದೊಡ್ಡವರ ಕಪಾಟಿನ ಮುಂದೆ ಇರ್ತೀನಿ. ನಿನ್ನ ಟೇಬಲ್ಲಿನ ಅರ್ಧ ಖಾಲಿ ಮಾಡಿಡು. ಇನ್ನು ಅದು ನಂದು.

ನಾನೂರ ಹನ್ನೆರಡು
(ನಿನ್ನ ಅಮ್ಮನೂ ಹೌದು)