ಎರ್ಮೆಲಿಂಡಕ್ಕ ಬರೀ ನೀರು ಕುಡಿದ ದಿನಗಳು

ಜನವರಿ 13, ಮಂಗಳವಾರ

ಎರಡು ಪ್ಯಾಂಟಿಗೆ ಜಿಪ್ ಹಾಕಿದ್ದಾಯ್ತು. ಮೂರನೆಯದು ಹೊಲಿಗೆ ಮಿಶಿನ್ನಿನಲ್ಲಿದ್ದಾಗ ಅಕ್ಕ ಆಸ್ಪತ್ರೆಯಿಂದ ಬಂದಳು. ರಿಪೋರ್ಟನ್ನು ನನ್ನ ಮುಂದಿಟ್ಟು ಕಾಲು ತೊಳೆಯಲು ಹೋದಳು.

ಹಿಮೋಗ್ಲೋಬಿನ್ ಒಂಬತ್ತು. ರಕ್ತದಲ್ಲಿ ಪ್ರೋಟೀನ್ ಜಾಸ್ತಿ. ಒಂದು ಗ್ರಾಫ್ ಬೇರೆ — ಸಣ್ಣ ದಿಬ್ಬ ಇರಬೇಕಾದ ಕಡೆ ಗೆರೆ ಸೂಜಿಯ ಹಾಗೆ ನೆಟ್ಟಗೆ ಎದ್ದಿದೆ. ಮೈಲೋಮಾ ಇರಬಹುದಂತೆ. ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್. 'ಇರಬಹುದು' ಅಷ್ಟೇ, ಇನ್ನೂ ಪರೀಕ್ಷೆಗಳಿವೆ.

"ಬೆನ್ನುನೋವು ಮಾರ್ಕೆಟ್ಟಲ್ಲಿ ಕೂತು ಕೂತು ಬಂದಿದ್ದು ಅಂದ್ಕೊಂಡಿದ್ದೆ ನೋಡು," ಅಂದಳು. ಆಮೇಲೆ, "ಮರಗೆಣಸು ಬೆಂದಿದ್ಯಾ? ಹಸಿವು."

ಎರಡು ತಟ್ಟೆ ತಿಂದಳು. ನನಗೆ ಒಂದು ತುಂಡೂ ಇಳಿಯಲಿಲ್ಲ. ಕಾಯಿಲೆ ಯಾರಿಗೋ ಏನೋ!

ಜನವರಿ 15, ಗುರುವಾರ

ಮಧ್ಯಾಹ್ನ ಬುತ್ತಿ ಕೊಡಲು ಮಾರ್ಕೆಟ್ಟಿಗೆ ಹೋದೆ. ಅಕ್ಕನ ಅಂಗಡಿ ಸಾಲಿಗೆಲ್ಲ ಸುದ್ದಿ ಗೊತ್ತು. ಹೇಳಿದವರು ಯಾರು ಅಂದರೆ — ಅಕ್ಕನೇ!

ನಲವತ್ತು ವರ್ಷದಿಂದ ಎಲೆ, ಬೇರು ಜಜ್ಜಿ ಮಾರುತ್ತಿದ್ದಾಳೆ. ನಮ್ಮ ಆಸುನ್ಸಿಯೋನಿನಲ್ಲಿ ತಣ್ಣೀರಿನ ಎಲೆ-ಚಹಾ ತೆರೆರೆಯನ್ನು ಬರೀ ಹಾಗೇ ಕುಡಿಯುವವರು ಯಾರು? ತಣ್ಣೀರಿಗೆ ಏನಾದರೂ ಜಜ್ಜಿ ಹಾಕಲೇಬೇಕು, ಅದಕ್ಕೆ ಅಕ್ಕನ ಹತ್ತಿರ ಬರಲೇಬೇಕು.

ಪಕ್ಕದಲ್ಲಿ ಚಿಪಾ ರೊಟ್ಟಿ ಮಾರುವ ಪೋರ್ಫಿರಿಯಾ ಸಮಾಧಾನ ಹೇಳುತ್ತಿದ್ದಳು. "ನಿಂಗೇನೇ ಯೋಚ್ನೆ, ಎರ್ಮೆಲಿಂಡಾ? ಔಷಧಿ ರಾಶಿ ಮೇಲೇ ಕೂತಿದೀಯ."

"ಇದಕ್ಕೆ ನನ್ನತ್ರ ಬೇರಿಲ್ಲ ಕಣೇ."

"ಮೆಲ್ಲಗೆ! ಗಿರಾಕಿಗಳು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಲಿ. ಹೊಟ್ಟೆಯುಬ್ಬರಕ್ಕಿದೆ, ಉರಿಮೂತ್ರಕ್ಕಿದೆ. ಇದಕ್ಕಿಲ್ಲ. ಇಲ್ಲದ್ದನ್ನ ಇದೆ ಅಂತ ಹೆಂಗೆ ಮಾರ್ಲಿ?"

ಇಬ್ಬರು ಗಿರಾಕಿಗಳು ಮುಖ ನೋಡಿಕೊಂಡು ಮುಂದಿನ ಅಂಗಡಿಗೆ ಹೋದರು. ಅಕ್ಕ ಒನಕೆ ಎತ್ತಿಕೊಂಡಳು. ಅಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು. ನಾಚಿಕೆಯಾಗಿ ಬುತ್ತಿ ಇಟ್ಟು ಬಂದೆ.

ಜನವರಿ 20, ಮಂಗಳವಾರ

ನಕ್ಕು ನಕ್ಕು ಸಾಕಾಯ್ತು. ಇಡೀ ದಿನದ ಮೂತ್ರ, ಇಪ್ಪತ್ನಾಲ್ಕು ಗಂಟೆಯದು, ಒಂದು ಕ್ಯಾನಿನಲ್ಲಿ ಹಿಡಿದು ಕೊಡಬೇಕಿತ್ತು. ಮೂರು ಲೀಟರ್ ಕ್ಯಾನ್. 'ನೀರು ಯಾವಾಗಿನ ಹಾಗೆ ಕುಡೀರಿ' ಅಂದಿದ್ದರು. ಯಾವಾಗಿನ ಹಾಗೆ ಅಂದರೆ ಅಕ್ಕನಿಗೆ ಬೆಳಗಿನ ಐದಕ್ಕೇ ಶುರು, ಕುದುರೆಬಾಲದ ಸೊಪ್ಪು ಹಾಕಿದ ತೆರೆರೆ. ಅದೋ ಮೂತ್ರ ಹೋಗಲೆಂದೇ ಕುಡಿಯುವ ಸೊಪ್ಪು! ಸಂಜೆ ನಾಲ್ಕಕ್ಕೆ ಕ್ಯಾನ್ ಕಂಠಪೂರ್ತಿ. ಉಳಿದದ್ದಕ್ಕೆ ನಾನು ಎಣ್ಣೆ ಕ್ಯಾನ್ ತೊಳೆದು ಕೊಟ್ಟೆ. ಲ್ಯಾಬಿನ ಹುಡುಗಿ ಎರಡನ್ನೂ ವಾಪಸ್ ಕಳಿಸಿದಳು.

"ಈ ವಾರ ನೀವು ಮೂರನೆಯವ್ರು," ಅಂದಳು. "ನೀರು ಅಂದ್ರೆ ಬರೀ ನೀರು, ಅಮ್ಮಾ. ಎಲ್ಲ ಪರೀಕ್ಷೆ ಮುಗಿಯೋವರೆಗೂ ಎಲೆ ಇಲ್ಲ, ಬೇರಿಲ್ಲ. ಕಿಡ್ನಿ ನೋಡ್ಬೇಕು."

"ಬರೀ ನೀರು ಕುದುರೆ ಕುಡಿಯುತ್ತೆ," ಅಂತ ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಮನೆಗೆ ಬಂದು ತೆರೆರೆ ಲೋಟ ತೊಳೆದು ಅಟ್ಟದ ಮೇಲಿಟ್ಟಳು. ಈ ಜನವರಿಯ ನಡುಬೇಸಿಗೆಯ ಬೇಗೆಯಲ್ಲಿ!

ಜನವರಿ 22

ಮತ್ತೆ ಕ್ಯಾನ್. ಐಸ್ ಡಬ್ಬಿಯಲ್ಲಿಟ್ಟು ಮಾರ್ಕೆಟ್ಟಿಗೇ ಒಯ್ದಳು. ಯಾರೋ ಒಬ್ಬ ಐಸಿಗೆ ಕೈ ಹಾಕಲು ಬಂದನಂತೆ. "ಬೇಡಪ್ಪಾ, ಅದು ನನ್ನ ಸ್ವಂತ ಮಾಲು, ಮಾರೋದಲ್ಲ," ಅಂದಳಂತೆ. ಪೋರ್ಫಿರಿಯಾ ಹೇಳುತ್ತಾ ಹೇಳುತ್ತಾ ಬಿದ್ದು ಬಿದ್ದು ನಕ್ಕಳು.

ಜನವರಿ 31, ಶನಿವಾರ

ತಪ್ಪು ಮಾಡಿದೆ. ಬರೆದೇ ಬಿಡುತ್ತೇನೆ.

ಪೋರ್ಫಿರಿಯಾ ಒಂದು ಬೇರು ತಂದುಕೊಟ್ಟಿದ್ದಳು, ಯಾರಿಗೋ ಇದರಿಂದಲೇ ವಾಸಿಯಾಯಿತಂತೆ. ಅಕ್ಕ ಸ್ನಾನಕ್ಕೆ ಹೋದಾಗ ಜಜ್ಜಿ, ಸೋಸಿ, ಅವಳ ನೀರಿನ ಬಾಟಲಿಗೆ ಬೆರೆಸಿದೆ. ನಾಲಿಗೆಗೆ ತಾಕಿದ್ದೇ ತಡ, ಉಗುಳಿದಳು.

"ಎಷ್ಟು ಹೊತ್ತು ಜಜ್ಜಿದೆ?"

"ಕಾಲು ಗಂಟೆ..."

"ಸಾಲ್ದು. ಅರ್ಧ ಗಂಟೆಯಾದ್ರೂ ಬೇಕು ಇದಕ್ಕೆ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬಾಟಲಿ ತಾನೇ ತೊಳೆದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಂಗೂ ಭಯ ಇದೆ ಕಣೇ ನಿಮಿಯಾ. ಅಮ್ಮನ ಹೊಟ್ಟೆ ಗೆಡ್ಡೆಗೆ ಎರಡು ವರ್ಷ ಎಲೆ ಕುಡ್ಸಿದೆ ನಾನು. ಆಸ್ಪತ್ರೆಗೆ ಹೋಗೋಷ್ಟರಲ್ಲಿ ತಡವಾಗಿತ್ತು. ನಂಗೆ ಹಂಗೆ ಮಾಡ್ಬೇಡ."

ಇಷ್ಟು ವರ್ಷದಲ್ಲಿ ಒಮ್ಮೆಯೂ ಇದರ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಹೇಗೆ ಹೊತ್ತುಕೊಂಡಿದ್ದಳೋ.

ಫೆಬ್ರವರಿ 4, ಬುಧವಾರ

ಸೊಂಟದ ಮೂಳೆಗೆ ದಬ್ಬಳದಂಥ ಸೂಜಿ ಹಾಕಿ ಮಜ್ಜೆ ತೆಗೆದರು. ನಾನು ಹೊರಗಿದ್ದೆ. ಒಂದು ಕೂಗೂ ಕೇಳಿಸಲಿಲ್ಲ. ಕುಂಟುತ್ತಾ ಬಂದಳು.

"ನೋವಾಯ್ತಾ ಅಕ್ಕ?"

"ಬಾಯಿಗೆ ಬಂದ ಬೈಗುಳನೆಲ್ಲ ಒಳಗೊಳಗೇ ಬೈದೆ. ಆ ಡಾಕ್ಟರಮ್ಮ ಪಾಪ ಒಳ್ಳೆಯೋಳು, ಅವಳಿಗಲ್ಲ."

ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವನಿಗೆ ಬೇಡ ಅಂದಳು. ಕೂರಲು ಆಗುತ್ತಿರಲಿಲ್ಲ.

ಫೆಬ್ರವರಿ 20, ಶುಕ್ರವಾರ

ಮೈಲೋಮಾನೇ.

ಸೋಮವಾರದಿಂದ ಔಷಧಿ. ಒಳ್ಳೆಯ ಔಷಧಿಗಳಿವೆ, ವರ್ಷಗಟ್ಟಲೆ ಬದುಕಿರುವವರಿದ್ದಾರೆ, ಆದರೆ ಮಾತು ಕೊಡಲಾರೆ ಅಂದರು ಡಾಕ್ಟರಮ್ಮ. ಅಕ್ಕ ತಲೆಯಾಡಿಸಿದಳು. ಮಾರ್ಕೆಟ್ಟಿನಲ್ಲಿ ಕೂರಬಹುದಾ ಅಂತ ಕೇಳಿದಳು. ನಾಲ್ಕು ತಿಂಗಳು ಆಗದು, ಜನಜಂಗುಳಿಯಲ್ಲಿ ಸೋಂಕು ತಗಲುತ್ತದೆ.

"ಹಂಗಾದ್ರೆ ನಿಮಿಯಾ ಕೂರ್ತಾಳೆ," ಅಂದಳು. ನನ್ನನ್ನು ಕೇಳಲೇ ಇಲ್ಲ. ನನಗೆ ಗೊತ್ತಿರುವುದು ಜಿಪ್ಪು, ಗುಂಡಿ!

ಫೆಬ್ರವರಿ 21, ಬೆಳಿಗ್ಗೆ 9

ಅಡುಗೆಮನೆಯಲ್ಲಿ ಪಾಠ. ಕಣ್ಣಿಗೆ ಬಟ್ಟೆ ಕಟ್ಟಿ ಮೂಗಿಗೆ ಒಂದೊಂದೇ ಎಲೆ ಹಿಡಿದಳು. ನೋಡಿ ಗುರುತಿಸುವುದು ಯಾರಿಗೂ ಬರುತ್ತದಂತೆ.

ಮೊದಲನೆಯದು ಪುದೀನ. ಸರಿ. ಎರಡನೆಯದು ತಪ್ಪಾಯಿತು. "ಥೂ, ಇದನ್ನ ಬಸುರಿಗೆ ಕೊಟ್ಟೀಯ ಜೋಕೆ." ಮೂರನೆಯದು ಹಿಡಿದಳು. ಹಿಡಿದೇ ಇದ್ದಳು.

"ಏನೂ ವಾಸ್ನೆ ಬರ್ತಿಲ್ಲ ಅಕ್ಕ."

ಬಟ್ಟೆಯ ಕೆಳಗೆ ನನ್ನ ಕೆನ್ನೆ ಒರೆಸಿದಳು.

"ಅತ್ರೆ ಮೂಗು ಕಟ್ಟುತ್ತೆ, ಇನ್ನೇನು ವಾಸ್ನೆ ಬರುತ್ತೆ? ಮೂಗು ಸೀಟ್ಕೊಂಡ್ ಬಾ, ಹೋಗು. ಮತ್ತೆ ಹೇಳ್ವಂತೆ."

ಅವಳ ಮೂಗೂ ಕಟ್ಟಿತ್ತು, ದನಿಯಲ್ಲೇ ಗೊತ್ತಾಯಿತು. ಮುಖ ತೊಳೆದು, ಇದಿಷ್ಟು ಗೀಚುತ್ತಿದ್ದೇನೆ. ಇನ್ನೂ ಇಪ್ಪತ್ತೇಳು ಎಲೆ. ಸೋಮವಾರಕ್ಕೆ ಇರುವುದು ಎರಡೇ ದಿನ. ಕರೆಯುತ್ತಿದ್ದಾಳೆ, ಮೂರನೆಯದನ್ನು ಇನ್ನೂ ಕೈಯಲ್ಲೇ ಹಿಡಿದು —