ಹತ್ತು ಮನೆಯ ಪ್ರಶ್ನೆ

ಜೂನ್ ೧೨, ಗುರುವಾರ

ಸಮಾಜಶಾಸ್ತ್ರದ ಮೇಡಂ ಇವತ್ತು ನನ್ನ ಹತ್ತೂ ಹಾಳೆ ವಾಪಸು ಕೊಟ್ಟರು. ಮನೆಮನೆಗೆ ಹೋಗಿ, ಇಲ್ಲಿ ತೀರ್ಮಾನ ಯಾರದೆಂದು ಹೆಂಗಸರನ್ನು ಕೇಳಿ ಬರೆಯಬೇಕಿತ್ತು. ನನಗೆ ಗೊತ್ತಿಲ್ಲದ ಬೀದಿಯೇ? ಕೂತಲ್ಲೇ ಎಲ್ಲದಕ್ಕೂ 'ಯಜಮಾನರದು' ಎಂದು ತುಂಬಿಸಿದ್ದೆ.

"ಹತ್ತು ಮನೆಗೂ ನೀವೇ ಯಜಮಾನರಾ?" ಎಂದರು. ತರಗತಿ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

"ಚಿಕ್ಕಪ್ಪಾ, ಸಿಕ್ಕಿಬಿದ್ರಿ," ಎಂದಳು ಅದೇ ತರಗತಿಯಲ್ಲಿ ಓದುವ, ಪಕ್ಕದಲ್ಲಿದ್ದ ಅಣ್ಣನ ಮಗಳು.

ಸೋಮವಾರದೊಳಗೆ ಸರಿಯಾಗಿ ಕೇಳಿ ಬರೆಯದಿದ್ದರೆ ತರಗತಿಯ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರಂತೆ. ಹಳ್ಳಿ ಶಾಲೆಯಲ್ಲಷ್ಟೇ ಓದಿದವನು ಈ ವಯಸ್ಸಿನಲ್ಲಿ ಕಾಲೇಜು ಹತ್ತಿದೆನೆಂದು ಊರೆಲ್ಲ ಡಂಗುರ ಹೊಡೆದಾಗಿದೆ.

ನಮ್ಮ ಮನೆಯಿಂದಲೇ ಶುರುಮಾಡಿದೆ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಏನಾದ್ರೂ ಬರ್ಕೊಳ್ರೀ. ಮೂವತ್ತು ವರ್ಷದಲ್ಲಿ ಇವತ್ತೇ ಅಲ್ವಾ ನನ್ನನ್ನ ಕೇಳ್ತಿರೋದು?"

ಅದನ್ನು ಹಾಗೆಯೇ ಬರೆದುಕೊಂಡೆ. ಇನ್ನೂ ಒಂಬತ್ತು ಮನೆಯಿದೆ. ಯಾಕೋ ಹೋಗಲು ಅಂಜಿಕೆ...